ಕಣಜದ ತುಂಬ ಜೊಳ್ಳು

ದಾಳಿಕೋರರನ್ನು ಸೆಳೆದು ಗಮನಿಸಲು ಇಟ್ಟ ಹುಸಿ ಯಂತ್ರಗಳ, ಅಂದರೆ ಹನಿಪಾಟ್‌ಗಳ, ಜಾಲದ ಕೇಂದ್ರ ಸರ್ವರ್‌ಗೆ ಎಷ್ಟು ರ್‍ಯಾಮ್, ಎಷ್ಟು ಡಿಸ್ಕ್ ಬೇಕು ಎನ್ನುವ ಲೆಕ್ಕ ದಾಖಲೆಗಳ ಆಯುಸ್ಸಿನಿಂದ ಶುರುವಾಗಬೇಕು. ಯಾವ ದಾಖಲೆ ಎಷ್ಟು ದಿನ ಇರಬೇಕೆಂದು ಗೊತ್ತುಮಾಡದೆ ಕೊಂಡ ಯಂತ್ರ ಎಷ್ಟೇ ದೊಡ್ಡದಿದ್ದರೂ ಒಂದಲ್ಲ ಒಂದು ದಿನ ತುಂಬಿಯೇ ತೀರುತ್ತದೆ.

ಹನಿನೆಟ್ ಪ್ರಾಜೆಕ್ಟ್‌ನ ಲ್ಯಾನ್ಸ್ ಸ್ಪಿಟ್ಜ್‌ನರ್ 2000ರ ದಶಕದ ಆರಂಭದಲ್ಲಿ ಹನಿಪಾಟ್‌ನ ದೊಡ್ಡ ಗುಣವೆಂದು ಎತ್ತಿ ಹೇಳಿದ್ದು, ಅದು ಕೂಡಿಹಾಕುವ ಮಾಹಿತಿ ಕಡಿಮೆ, ಬೆಲೆ ಹೆಚ್ಚು ಎಂಬುದನ್ನು. ಆ ಕಾಲಕ್ಕೆ ಅದು ಸರಿ. ಯಾರಿಗೂ ಕೆಲಸವಿಲ್ಲದ ಯಂತ್ರದ ಬಾಗಿಲು ತಟ್ಟಿದವನನ್ನು ಸಂಶಯದಿಂದ ನೋಡಿದರೆ ಸಾಕಿತ್ತು. 2016ರಲ್ಲಿ ಕ್ಯಾಮೆರಾದಂಥ ಸಾಧನಗಳನ್ನು ವಶಪಡಿಸಿಕೊಳ್ಳುವ ಮಿರಾಯ್ ಬಂದ ಮೇಲೆ ಆ ಮಾತು ನಿಲ್ಲಲಿಲ್ಲ. ಅರವತ್ತಕ್ಕೂ ಹೆಚ್ಚು ಬಳಕೆದಾರ ಹೆಸರು–ಪಾಸ್‌ವರ್ಡ್ ಜೋಡಿಗಳನ್ನು ಹೊತ್ತು, ಕಂಡಕಂಡ ವಿಳಾಸಗಳ 23 ಮತ್ತು 2323ನೇ ಪೋರ್ಟ್‌ಗಳನ್ನು ತಡಕುವ ಆ ತಂತ್ರಾಂಶದ ಮೂಲ ಕೋಡ್ ಅದೇ ವರ್ಷದ ಸೆಪ್ಟೆಂಬರ್ ಕೊನೆಗೆ ಬಯಲಾಯಿತು. ಅದರ ಸಂತತಿ ಇಂದಿಗೂ ಅದೇ ಬಾಗಿಲುಗಳನ್ನು ಬಡಿಯುತ್ತಿದೆ. ಸೆನ್ಸರ್‌ಗಳು, ಅಂದರೆ ಜಾಲದ ಹನಿಪಾಟ್‌ಗಳು, ತಂದು ಸುರಿಯುವುದರಲ್ಲಿ ಈಗ ಕಾಳಿಗಿಂತ ಜೊಳ್ಳೇ ಹೆಚ್ಚು.

ಕೌರಿ ಎಂಬ ಹನಿಪಾಟ್ ತಂತ್ರಾಂಶವನ್ನೇ ತೆಗೆದುಕೊಳ್ಳಬಹುದು. ಒಂದು ವಿಫಲ ಎಸ್‌ಎಸ್‌ಎಚ್ ಲಾಗಿನ್‌ಗೆ ಅದು ಹಲವು ಘಟನೆಗಳನ್ನು ಬರೆಯುತ್ತದೆ: ಸಂಪರ್ಕ ಬಂದದ್ದು, ಎದುರಿನ ತಂತ್ರಾಂಶದ ಆವೃತ್ತಿ, ಕೀ ವಿನಿಮಯ, ತಪ್ಪಿದ ಪಾಸ್‌ವರ್ಡ್, ಸಂಪರ್ಕ ಕಡಿದದ್ದು. ಇವುಗಳಲ್ಲಿ ಜಾಗ ನುಂಗುವುದು ಕೀ ವಿನಿಮಯದ ಘಟನೆ, ಏಕೆಂದರೆ ಎದುರಿನವನು ಒಪ್ಪುವ ಅಲ್ಗಾರಿದಮ್‌ಗಳ ಉದ್ದ ಪಟ್ಟಿಯೇ ಅದರೊಳಗೆ ಕೂರುತ್ತದೆ. ಒಂದೇ ಬಾಟ್‌ನೆಟ್‌ನ ಸಾವಿರಾರು ಯಂತ್ರಗಳು ಇದೇ ಪಟ್ಟಿಯನ್ನು ಸಾವಿರಾರು ಸಲ ಒಪ್ಪಿಸುತ್ತವೆ. ಆ ಪಟ್ಟಿಯ ಬೆರಳಚ್ಚು ಎನ್ನಬಹುದಾದ 32 ಅಕ್ಷರಗಳ ಹ್ಯಾಶ್ ಕೂಡ ಅದೇ ದಾಖಲೆಯಲ್ಲಿರುತ್ತದೆ. ಪಟ್ಟಿಯನ್ನು ಒಮ್ಮೆ ಬೇರೆ ಕೋಷ್ಟಕದಲ್ಲಿಟ್ಟು, ಉಳಿದೆಡೆ ಹ್ಯಾಶ್ ಮಾತ್ರ ಇಟ್ಟರೆ ಕಳೆದುಕೊಳ್ಳುವುದು ಹೆಚ್ಚೇನೂ ಇಲ್ಲ. ಘಟನೆಯೊಂದಕ್ಕೆ 1 ಕಿಲೋಬೈಟ್ ಎಂದು ಹಿಡಿದರೂ, ದಿನಕ್ಕೆ 10 ಲಕ್ಷ ಘಟನೆಗಳೆಂದರೆ 1 ಗಿಗಾಬೈಟ್, ವರ್ಷಕ್ಕೆ 365. ಇಂಡೆಕ್ಸ್‌ಗಳ ತೂಕ ಇದರ ಮೇಲೆ.

ಡಿಸ್ಕ್ ತುಂಬುವ ಮೊದಲೇ ಸೋಲುವುದು ರ್‍ಯಾಮ್. ಹನಿಪಾಟ್‌ಗಳನ್ನು ನಿರ್ವಹಿಸುವ ಮಾಡರ್ನ್ ಹನಿ ನೆಟ್‌ವರ್ಕ್ ನೆಚ್ಚಿಕೊಂಡ ಡೇಟಾಬೇಸ್ ಮಾಂಗೋಡಿಬಿಯ ವೈರ್ಡ್‌ಟೈಗರ್ ಎಂಜಿನ್, ಒಟ್ಟು ರ್‍ಯಾಮ್‌ನಲ್ಲಿ 1 ಗಿಗಾಬೈಟ್ ಕಳೆದು ಉಳಿದದ್ದರ ಅರ್ಧವನ್ನು, ಬೇರೆ ಹೇಳದಿದ್ದರೆ, ತನ್ನ ಕ್ಯಾಶ್‌ಗೆ ತೆಗೆದುಕೊಳ್ಳುತ್ತದೆ. 4 ಗಿಗಾಬೈಟ್‌ನ ಯಂತ್ರದಲ್ಲಿ ಅದು ಒಂದೂವರೆ. ಇಂಡೆಕ್ಸ್‌ಗಳು ಅದರೊಳಗೆ ಹಿಡಿಯದ ದಿನದಿಂದ ಒಂದು ಸಾಲು ಬರೆಯಲೂ ಡಿಸ್ಕ್ ಓದಬೇಕಾಗುತ್ತದೆ. ತಿರುಗುವ ಹಾರ್ಡ್‌ಡಿಸ್ಕ್ ಇದ್ದರಂತೂ ಡ್ಯಾಶ್‌ಬೋರ್ಡ್ ತೆರೆಯುವುದೇ ಇಲ್ಲ. ಆದ್ದರಿಂದ ಹಣ ಮೊದಲು ಹೋಗಬೇಕಾದದ್ದು ರ್‍ಯಾಮ್‌ಗೆ, ಆಮೇಲೆ ಎಸ್‌ಎಸ್‌ಡಿಗೆ, ಕೊನೆಗೆ ಪ್ರೊಸೆಸರ್ ಕೋರ್‌ಗಳಿಗೆ. ಎಲಾಸ್ಟಿಕ್‌ಸರ್ಚ್ ಎಂಬ ಹುಡುಕಾಟದ ಡೇಟಾಬೇಸ್ ಮೇಲೆ ನಿಂತ ಹನಿಪಾಟ್ ಗುಚ್ಛ ಟಿ-ಪಾಟ್ ಬಳಸುವವರು ಇನ್ನೊಂದು ಗಡಿಯನ್ನೂ ನೆನಪಿಡಬೇಕು: ಡಿಸ್ಕ್ ಶೇಕಡ 95 ತುಂಬಿದೊಡನೆ ಎಲಾಸ್ಟಿಕ್‌ಸರ್ಚ್ ಬರೆಯುವುದನ್ನು ತಡೆಹಿಡಿಯುತ್ತದೆ. ದಾಳಿ ನಡೆಯುತ್ತಲೇ ಇರುತ್ತದೆ, ಅದನ್ನು ತೋರಿಸುವ ನಕ್ಷೆ ಮಾತ್ರ ಖಾಲಿ. ಟಿ-ಪಾಟ್ 30 ದಿನಕ್ಕೆ ಹಳೆಯದನ್ನು ಅಳಿಸುವಂತೆ ಹೊಂದಿಸಿರುವುದು ವಿವೇಕದ ಕೆಲಸ. ಅದನ್ನು 365ಕ್ಕೆ ಏರಿಸುವವರು ಯಂತ್ರವನ್ನೂ ಅದೇ ಅಳತೆಯಲ್ಲಿ ಹಿಗ್ಗಿಸಬೇಕು.

ಡಿಸ್ಕ್ ಅಗ್ಗ, ಎಲ್ಲವನ್ನೂ ಇಡೋಣ ಎನ್ನುವ ಪಂಥ ಇದನ್ನು ಒಪ್ಪುವುದಿಲ್ಲ. ಅವರ ಮೆಚ್ಚಿನ ಸಾಕ್ಷಿ ಕ್ಲಿಫರ್ಡ್ ಸ್ಟೋಲ್. 1986ರಲ್ಲಿ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದಲ್ಲಿ 75 ಸೆಂಟಿನ ಲೆಕ್ಕದ ವ್ಯತ್ಯಾಸದ ಬೆನ್ನು ಹತ್ತಿದ ಆತ, ಸಹೋದ್ಯೋಗಿಗಳ ಪ್ರಿಂಟರ್‌ಗಳನ್ನೂ ಟರ್ಮಿನಲ್‌ಗಳನ್ನೂ ಎಳೆತಂದು ಹೊರಗಿನ ಲೈನ್‌ಗಳಿಗೆ ಜೋಡಿಸಿ, ನುಸುಳುಕೋರನ ಒಂದೊಂದು ಕೀಲಿಯೊತ್ತನ್ನೂ ಕಾಗದಕ್ಕೆ ಇಳಿಸಿದ. ಕಾಗದವಾದ್ದರಿಂದ ಕಳ್ಳ ಅದನ್ನು ಅಳಿಸಲಾರ, ತನ್ನನ್ನು ಯಾರೋ ನೋಡುತ್ತಿದ್ದಾರೆಂದು ತಿಳಿಯಲೂ ಆರ. ಕೊನೆಗೆ ಹುಸಿ ಸೇನಾ ಕಡತಗಳನ್ನು ರಾಶಿ ಹಾಕಿ, ಅವುಗಳನ್ನು ಓದುತ್ತ ಕಳ್ಳ ಲೈನ್ ಹಿಡಿದು ಕೂರುವಂತೆ ಮಾಡಿ, ಜರ್ಮನಿಯ ಹ್ಯಾನೋವರ್‌ವರೆಗೆ ಜಾಡು ಹಿಡಿಸಿದ. ಸ್ಟೋಲ್‌ನ 1989ರ ಪುಸ್ತಕ ‘ದಿ ಕುಕೂಸ್ ಎಗ್’ ಓದಿದವರಿಗೆ ಆ ಕಾಗದದ ರಾಶಿ ನೆನಪಿರುತ್ತದೆ. ಅದರ ಪಕ್ಕದಲ್ಲೇ ಆತ ತುಂಬುತ್ತಿದ್ದ ದಿನಚರಿ ಪುಸ್ತಕ ಮರೆತುಹೋಗುತ್ತದೆ. ಯಾವಾಗ ಬಂದ, ಎಲ್ಲಿಂದ ಬಂದ, ಏನು ಹುಡುಕಿದ ಎಂಬ ಸಾರಾಂಶ ಆ ಪುಸ್ತಕದಲ್ಲಿತ್ತು, ಪತ್ತೆಯನ್ನು ನಡೆಸಿದ್ದು ಆ ಸಾರಾಂಶ. ಮೇಲಾಗಿ ಸ್ಟೋಲ್ ನೋಡುತ್ತಿದ್ದದ್ದು ಒಬ್ಬ ಮನುಷ್ಯನನ್ನು. ಒಂದೇ ಪಾಠ ಒಪ್ಪಿಸುವ ಲಕ್ಷ ಕ್ಯಾಮೆರಾಗಳನ್ನಲ್ಲ. ಸ್ಟೋಲ್ ಹೆಸರಿನಲ್ಲಿ ಮಿರಾಯ್‌ನ ಕಸವನ್ನು ವರ್ಷಗಟ್ಟಲೆ ಕಾಯುವುದು ಅವನ ವಿಧಾನಕ್ಕೇ ಮಾಡಿದ ಅಪಚಾರ.

ದಿನಚರಿ ಪುಸ್ತಕಕ್ಕೆ ಡೇಟಾಬೇಸ್‌ನಲ್ಲಿ ಸಮನಾದದ್ದು ಗಂಟೆವಾರು ಎಣಿಕೆಯ ಕೋಷ್ಟಕ. ಯಾವ ಗಂಟೆ, ಯಾವ ವಿಳಾಸ, ಯಾವ ಸೆನ್ಸರ್, ಯಾವ ಪೋರ್ಟ್, ಎಷ್ಟು ಸಲ: ಇಷ್ಟೇ ಇರುವ ಸಾಲನ್ನು ವರ್ಷಗಟ್ಟಲೆ ಇಡಬಹುದು. ಮೊದಲ ಬಾರಿಗೆ ಕಂಡ ಆದೇಶ, ಪಾಸ್‌ವರ್ಡ್, ಕಡತಗಳನ್ನು ಪೂರ್ಣ ವಿವರದೊಂದಿಗೆ ಎಂದೆಂದಿಗೂ ಉಳಿಸಬೇಕು. ಮಿಕ್ಕ ಕಚ್ಚಾ ಲಾಗ್ ದಿನಕ್ಕೊಂದು ಜಿಜಿಪ್ ಕಡತವಾಗಿ ಅಗ್ಗದ ಡಿಸ್ಕಿಗೆ ಹೋಗಲಿ. ಪುನರುಕ್ತಿಯಿಂದ ತುಂಬಿದ ಜೇಸನ್ ಬಹಳ ಚೆನ್ನಾಗಿ ಕುಗ್ಗುತ್ತದೆ.

ಅಳಿಸುವ ಬಗೆಯೂ ಮುಖ್ಯ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಕೋಟಿ ಸಾಲು ಅಳಿಸಿದರೂ ಡಿಸ್ಕ್ ಸಾಮಾನ್ಯವಾಗಿ ಹಗುರಾಗುವುದಿಲ್ಲ. ಸಾಲುಗಳ ಜಾಗ ಮರುಬಳಕೆಗೆ ಸಿಗುತ್ತದೆ, ಕಡತ ಇದ್ದಷ್ಟೇ ಇರುತ್ತದೆ. ಮಾಂಗೋಡಿಬಿಯದೂ ಅದೇ ಕಥೆ. ಪೋಸ್ಟ್‌ಗ್ರೆಸ್‌ನಲ್ಲಿ ದಿನ ಅಥವಾ ವಾರಕ್ಕೊಂದು ಪಾರ್ಟಿಷನ್ ಮಾಡಿ ಹಳೆಯದನ್ನು ಇಡಿಯಾಗಿ ಕಿತ್ತುಹಾಕಿದರೆ ಜಾಗ ಕೂಡಲೇ ಕೈಗೆ ಬರುತ್ತದೆ. ಎಲಾಸ್ಟಿಕ್‌ಸರ್ಚ್‌ನಲ್ಲಿ ದಿನಕ್ಕೊಂದು ಇಂಡೆಕ್ಸ್ ಇಡುವುದೂ ಇದಕ್ಕಾಗಿಯೇ.

ಸಿಕ್ಕಿಬಿದ್ದ ಮಾಲ್‌ವೇರ್ ಕಡತಗಳಿಗೆ ಡೇಟಾಬೇಸ್‌ನಲ್ಲಿ ಜಾಗವಿರಬಾರದು. ಕೌರಿ ಅವನ್ನು ಹ್ಯಾಶ್ ಹೆಸರಿನಲ್ಲೇ ಡಿಸ್ಕ್‌ನಲ್ಲಿಡುವುದರಿಂದ ಒಂದೇ ಕಡತ ನೂರು ಸಲ ಬಂದರೂ ಉಳಿಯುವುದು ಒಂದು ಪ್ರತಿ. ಒಂದು ಬೈಟ್ ವ್ಯತ್ಯಾಸವಾದರೂ ಹ್ಯಾಶ್ ಬೇರೆಯಾಗುವುದರಿಂದ ಈ ಉಳಿತಾಯಕ್ಕೂ ಮಿತಿಯಿದೆ. ಡಯೋನಿಯಾ ಎಂಬ ಇನ್ನೊಂದು ಹನಿಪಾಟ್ ಬಳಸುವವರು ಅದರ ಬೈಸ್ಟ್ರೀಮ್ಸ್ ಫೋಲ್ಡರ್ ಮೇಲೆ ಬೇರೆಯಾಗಿ ಕಣ್ಣಿಡಬೇಕು. ಸಂಪರ್ಕಗಳ ಪೂರ್ಣ ಸಂಭಾಷಣೆ ಅಲ್ಲಿ ಬೀಳುತ್ತದೆ, ತಾನಾಗಿ ಖಾಲಿಯಾಗುವುದಿಲ್ಲ.