ಕುಂದಗೋಳದ ಅಹೋರಾತ್ರಿ ಗಾಯನ

ಗಾಯಕನೊಬ್ಬನಿಗೆ ಎಷ್ಟು ಹೊತ್ತು ಕೊಡಬೇಕೆಂಬ ಪ್ರಶ್ನೆಗೆ ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಯ ನಿಮಿತ್ತ ನಡೆದುಬಂದ ಅಹೋರಾತ್ರಿ ಸಂಗೀತೋತ್ಸವವು ಕೊಡುವ ಉತ್ತರವೇ ನನಗೆ ಸರ್ವಥಾ ಸಮ್ಮತವಾದುದು. ಅಬ್ದುಲ್ ಕರೀಮ್ ಖಾನರ ಶಿಷ್ಯರಾದ ಈ ಸವಾಯಿ ಗಂಧರ್ವರ, ಅಂದರೆ ರಾಮಭಾವು ಕುಂದಗೋಳಕರರ (1886–1952), ಕಂಠವು ಹರೆಯದಲ್ಲಿ ಒಡೆದು, ಕಠಿನ ಸಾಧನೆಯಿಂದ ಮರಳಿ ಪಳಗಿದುದು. ಕುಳಿತೊಡನೆ ಅದು ಅವರ ಕೈಸೇರುತ್ತಿರಲಿಲ್ಲ. ಆರಂಭದ ಒರಟನ್ನು ಸಹಿಸಿ ಕುಳಿತವರಿಗೆ ಮಾತ್ರ ಹೊತ್ತು ಸರಿದಂತೆ ಅದರ ಮಾಧುರ್ಯವು ಲಭಿಸುತ್ತಿತ್ತು. ಇಂಥವರ ಸ್ಮರಣೆಯನ್ನು ಎರಡು ತಾಸಿನಲ್ಲಿ ಮುಗಿಸುವುದು ಅವರ ಗಾಯನಧರ್ಮಕ್ಕೇ ವಿರುದ್ಧವಾದೀತು.

ಇರುಳಿಡೀ ಹಾಡುವುದರಿಂದ ಇನ್ನೊಂದು ಲಾಭವುಂಟು. ಸವಾಯಿ ಗಂಧರ್ವರು ಶಿಷ್ಯ ಭೀಮಸೇನ ಜೋಶಿಯವರಿಗೆ ಮುಂಜಾನೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ ಎಂದು ಪಾಠ ಹೇಳಿದರು. ಸಾಯಂಕಾಲದ ಸಭಾಗೃಹಗಳಿಂದ ಬಹಿಷ್ಕೃತವಾದ ಆ ತೋಡಿಗೆ ತನ್ನ ಹೊತ್ತು ದೊರೆಯುವುದು, ಶ್ರೋತೃಗಳು ಬೆಳಗಿನವರೆಗೆ ಕದಲದೆ ಕುಳಿತ ಇಂಥ ಎಡೆಯಲ್ಲಿಯೇ.

ತಾರುಣ್ಯದಲ್ಲಿ ಇಲ್ಲಿ ಕುಳಿತು ಕೇಳಿದವನಿಗೆ ಮೊದಲು ಅಭ್ಯಾಸವಾಗುವುದು ಕಾಯುವುದು. ಗಾಯಕರು ತಂಬೂರಿಯನ್ನು ಕಿವಿಗೊತ್ತಿ, ಕುದುರೆಯ ಮೇಲೆ ತಂತಿಯಡಿಯ ದಾರವನ್ನು ಎಳ್ಳಷ್ಟು ಅತ್ತಿತ್ತ ಸರಿಸಿ, ಜವಾರಿ ತೆರೆಯುವವರೆಗೆ ಮತ್ತೆ ಮತ್ತೆ ಮೀಟುತ್ತಾರೆ; ಜಮಖಾನದ ಮೇಲೆ ಕುಳಿತ ಒಕ್ಕಲಿಗರು ಆಗ ಮಾತು ನಿಲ್ಲಿಸುತ್ತಾರೆ, ಚಪ್ಪಾಳೆ ತಟ್ಟುವುದಿಲ್ಲ. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ, ಬಾಂಗ್ಲಾ ನಿರಾಶ್ರಿತರ ನೆರವಿಗಾಗಿ ರಾಕ್ ಗಾಯಕ ಜಾರ್ಜ್ ಹ್ಯಾರಿಸನ್ ಅವರೊಡನೆ ಏರ್ಪಡಿಸಿದ ಕಚೇರಿಯಲ್ಲಿ, ರವಿಶಂಕರ ಮತ್ತು ಅಲಿ ಅಕ್ಬರ್ ಖಾನರು ಶ್ರುತಿ ಹೊಂದಿಸಿದುದಕ್ಕೇ ಸಾವಿರಾರು ಮಂದಿ ಕರತಾಡನ ಮಾಡಿದರು. ಆ ತರುಣರಲ್ಲಿ ಸಹೃದಯತೆಗೆ ಕೊರತೆಯಿರಲಿಲ್ಲ. ಒಂದೇ ಉತ್ಸಾಹದಲ್ಲಿ ಸಹಸ್ರ ಜನರನ್ನು ಬೆಸೆಯುವ ಶಕ್ತಿ ರಾಕ್ ಸಂಗೀತಕ್ಕುಂಟು, ಅದು ಸಣ್ಣ ಸಿದ್ಧಿಯಲ್ಲ. ಆದರೆ ಮೊದಲ ಕ್ಷಣದಲ್ಲಿಯೇ ಶಿಖರವನ್ನೇರಿದ ನಾದಕ್ಕೆ ಒಗ್ಗಿದ ಕಿವಿಗೆ ಸಿದ್ಧತೆಗೂ ಸಿದ್ಧಿಗೂ ಅಂತರ ತಿಳಿಯುವುದು ಕಷ್ಟ.

ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಸವಾಯಿ ಗಂಧರ್ವರಲ್ಲಿ ಪಾಠಕ್ಕೆ ಬರುತ್ತಿದ್ದ ಕುಂದಗೋಳದಲ್ಲಿ ಆ ಅಂತರವನ್ನು ಬಲ್ಲ ಕಿವಿ ಬೆಳೆದುದು ಆಶ್ಚರ್ಯವಲ್ಲ.

ಇಷ್ಟನ್ನು ಮೆಚ್ಚಿಯೂ ಒಂದನ್ನು ಆಕ್ಷೇಪಿಸಲೇಬೇಕು. ಇತ್ತೀಚೆಗೆ ನಮ್ಮ ಕಡೆಯ ಬೈಠಕ್ಕುಗಳಲ್ಲೆಲ್ಲ, ಹತ್ತು ಮಾರು ದೂರದ ಗೋಡೆಗೂ ಬರಿಯ ಕಂಠ ಮುಟ್ಟುವ ಪಡಸಾಲೆಗಳಲ್ಲಿ ಸಹ, ಧ್ವನಿವರ್ಧಕವನ್ನು ಮೈದಾನಕ್ಕೆ ತಕ್ಕಷ್ಟು ಏರಿಸುತ್ತಾರೆ. ತಬಲಾದ ಬಾಯಾ ಮೊಳಗಿ ತಂಬೂರಿ ಅಳಿಸಿಹೋಗುತ್ತದೆ. ಇರುಳಿಡೀ ನಿದ್ದೆಗೆಟ್ಟು ಕುಳಿತ ರಸಿಕರಿಗೆ ಷಡ್ಜವನ್ನೇ ಕೇಳಿಸದಂತೆ ಮಾಡುವುದು ಅನ್ಯಾಯ. ಅಂಥ ಕಡೆ ಆ ಯಂತ್ರವನ್ನು ತಗ್ಗಿಸಬೇಕು, ಸಾಧ್ಯವಾದರೆ ತೆಗೆದೇ ಬಿಡಬೇಕು.