ಕಲೆಯಲ್ಲಿ ಸುಂದರ ಮತ್ತು ಕುರೂಪ: ‘ಯಶೋಧರ ಚರಿತೆ’ಯ ಮಾವಟಿಗನನ್ನು ಕುರಿತು

ಕಲೆಯ ಗುರಿ ಸೌಂದರ್ಯವೆಂಬ ಮಾತು ನಮ್ಮ ತರಗತಿಗಳಲ್ಲಿ ಬಹು ಸಲೀಸಾಗಿ ಬಳಕೆಯಾಗುತ್ತಿದೆ. ಇದನ್ನು ಒಪ್ಪಿದವನಿಗೆ ಒಡನೆಯೇ ಒಂದು ತೊಡಕು ಎದುರಾಗುತ್ತದೆ. ನೋಡಿದವರು ಮುಖ ತಿರುಗಿಸುವಂಥ ವಸ್ತುಗಳಿಗೂ ದೊಡ್ಡ ಕೃತಿಗಳಲ್ಲಿ ಸ್ಥಾನವುಂಟಷ್ಟೆ. ಅವು ಅಲ್ಲಿ ಏನು ಮಾಡುತ್ತಿವೆ?

ಈ ಪ್ರಶ್ನೆ ಹಳೆಯದು. ಭರತನು ಎಣಿಸಿದ ಎಂಟು ರಸಗಳಲ್ಲಿ ಬೀಭತ್ಸವೂ ಒಂದು. ಅದರ ಸ್ಥಾಯಿ ಜುಗುಪ್ಸೆ. ಹೇಯವಾದ ಪ್ರಾಣಿಗಳನ್ನೂ ಹೆಣಗಳನ್ನೂ ಕಂಡರೆ ನೋಯುವ ನಾವು ಅವುಗಳ ಯಥಾವತ್ತಾದ ಚಿತ್ರವನ್ನು ಕಂಡು ಸಂತೋಷಪಡುತ್ತೇವೆಂದು ಅರಿಸ್ಟಾಟಲನು ಗುರುತಿಸಿದನು. ಇವುಗಳಿಂದ ಸಾಮಾನ್ಯವಾಗಿ ಎಳೆಯುವ ನಿರ್ಣಯ ಒಂದೇ: ಕಲೆಯು ಕುರೂಪವನ್ನು ಸುಂದರವಾಗಿಸುತ್ತದೆ. ಈ ನಿರ್ಣಯ ಪೂರ್ಣವಾದುದಲ್ಲವೆಂಬುದೇ ಈ ಲೇಖನದ ವಾದ. ಹಾಸನ ಜಿಲ್ಲೆಯ ದೊಡ್ಡಗದ್ದವಳ್ಳಿಯಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀದೇವಿ ದೇವಾಲಯವಿದೆ. ಅಲ್ಲಿ ಕಾಳಿಯ ಗುಡಿಯ ಮುಂದೆ ನಿಂತಿರುವ ಬೇತಾಳಗಳು ಎಲುಬು ಕಾಣುವ ಬತ್ತಿದ ಮೈಯವು. ಶಿಲ್ಪಿಯು ಅವನ್ನು ಸುಂದರಗೊಳಿಸಿಲ್ಲ. ಸುಂದರಗೊಳಿಸಿದ್ದರೆ ಅವು ಆ ಬಾಗಿಲನ್ನು ಕಾಯಲಾರದೆ ಹೋಗುತ್ತಿದ್ದುವು. ಕುರೂಪವು ಕುರೂಪವಾಗಿಯೇ ಉಳಿದು ಅರ್ಥವನ್ನು ಪಡೆದಿದೆ.

ಇದೇ ಪರೀಕ್ಷೆಯನ್ನು ಕಾವ್ಯಕ್ಕೆ ಒಡ್ಡಲು ಜನ್ನನ ‘ಯಶೋಧರ ಚರಿತೆ’ಗಿಂತ ತಕ್ಕ ಕೃತಿ ನಮ್ಮಲ್ಲಿ ವಿರಳ. ವೀರಬಲ್ಲಾಳನ ಆಸ್ಥಾನಕವಿಯಾದ ಜನ್ನನು ಇದನ್ನು 1209ರಲ್ಲಿ ಮುಗಿಸಿದನು. ವಾದಿರಾಜನ ಸಂಸ್ಕೃತ ಕಾವ್ಯ ಅವನಿಗೆ ಆಕರ. ಉಜ್ಜಯಿನಿಯ ಅರಸ ಯಶೋಧರನ ರಾಣಿ ಅಮೃತಮತಿಯು ಬೆಳಗಿನ ಜಾವದಲ್ಲಿ ಮಾವಟಿಗನೊಬ್ಬನ ಹಾಡನ್ನು ಕೇಳಿ ಮನಸೋಲುತ್ತಾಳೆ. ಅವನನ್ನು ನೋಡಿಬರಲು ಕಳುಹಿಸಿದ ದೂತಿಯು ಹಿಂದಿರುಗಿ ಅವನ ವಿಕಾರವಾದ ಅಂಗಾಂಗಗಳನ್ನು ಒಂದೊಂದಾಗಿ ಬಣ್ಣಿಸುತ್ತಾಳೆ.

ಈ ವರ್ಣನೆಯನ್ನು ಕವಿಯು ದೂತಿಯ ಬಾಯಲ್ಲಿಟ್ಟಿರುವುದನ್ನು ಗಮನಿಸಬೇಕು. ಕಾವ್ಯದಲ್ಲಿ ಕುರೂಪವು ಹಾಸ್ಯಕ್ಕೋ ಭಯಕ್ಕೋ ಸಾಧನವಾಗಬಲ್ಲದೆಂದು ಜರ್ಮನಿಯ ಲೆಸಿಂಗನು 1766ರ ತನ್ನ ‘ಲಾವೋಕೂನ್’ನಲ್ಲಿ ವಿವೇಚಿಸಿದ್ದಾನೆ. ದೂತಿಯ ಮಾತಿನ ಧಾಟಿ ಹಾಸ್ಯದ್ದೇ ಸರಿ. ಒಡತಿಯೂ ತನ್ನೊಡನೆ ನಕ್ಕು ಹಂಬಲವನ್ನು ಬಿಟ್ಟಾಳೆಂಬುದು ಅವಳ ನಿರೀಕ್ಷೆ. ಆದರೆ ರಾಣಿ ನಗುವುದಿಲ್ಲ. ಒಲಿದ ಮೇಲೆ ರೂಪದ ಗೊಡವೆ ಏಕೆಂಬ ಅರ್ಥದ ಮಾತನ್ನಾಡುತ್ತಾಳೆ. ದೂತಿಯೊಡನೆ ನಗುತ್ತಿದ್ದ ಓದುಗನ ನಗೆ ಅಲ್ಲಿಗೆ ನಿಂತುಹೋಗುತ್ತದೆ. ಇಲ್ಲಿಯವರೆಗೆ ಮಾವಟಿಗನ ಮೈಯನ್ನು ಅಳೆಯುತ್ತಿದ್ದ ವರ್ಣನೆ ಇಲ್ಲಿಂದ ಮುಂದೆ ರಾಣಿಯ ಮನಸ್ಸನ್ನು ಅಳೆಯುವ ಮಾನದಂಡವಾಗುತ್ತದೆ. ಅವನ ರೂಪವನ್ನು ಕವಿಯು ಎಳ್ಳಷ್ಟು ತಿದ್ದಿದ್ದರೂ ಆ ಮನಸ್ಸಿನ ಆಳ ನಮಗೆ ತಿಳಿಯುತ್ತಿರಲಿಲ್ಲ.

ಈ ಪ್ರಸಂಗದ ಬಗೆಗೆ ರೂಢಿಯಾಗಿ ಹೇಳುವ ಮಾತೊಂದಿದೆ: ರಾಣಿಯ ಶೀಲಭ್ರಂಶವನ್ನು ಎತ್ತಿ ತೋರಿಸಲು ಕವಿ ಅವಳ ಜಾರನನ್ನು ಕುರೂಪಿಯನ್ನಾಗಿಸಿದ್ದಾನೆ ಎಂದು. ಇದರಲ್ಲಿ ಸತ್ಯಾಂಶವಿದೆ. ತಡವಾಗಿ ಬಂದ ರಾಣಿಯನ್ನು ಹೊಡೆಯುವ ಮಾವಟಿಗನ ಕ್ರೌರ್ಯವನ್ನು ಕವಿ ಮರೆಮಾಡಿಲ್ಲ. ಆದರೆ ಮೈಯ ವಿಕಾರವನ್ನು ಪಾಪದ ಕುರುಹೆಂದು ಭಾವಿಸಿ ಮುಂದೆ ಸಾಗಿದರೆ ಆ ಹಾಡನ್ನು ಎಲ್ಲಿ ಇರಿಸಬೇಕು? ಕಥೆಯನ್ನು ಹೇಳುತ್ತಿರುವವನು ಅಭಯರುಚಿ. ಹಿಂದಿನ ಜನ್ಮದಲ್ಲಿ ಅವನೇ ಯಶೋಧರ. ಹೆಂಡತಿಯಿಂದ ವಂಚಿತನಾಗಿ, ಅವಳಿಕ್ಕಿದ ವಿಷದಿಂದ ಸತ್ತವನು ಅವನು. ಆ ಹಾಡನ್ನು ಕರ್ಕಶವೆಂದು ಹಳಿಯಲು ಅವನಿಗಿಂತ ಹೆಚ್ಚಿನ ಕಾರಣ ಯಾರಿಗಿದೆ? ಆದರೂ ಅವನ ನಿರೂಪಣೆಯಲ್ಲಿ ಹಾಡು ಇಂಪಾಗಿಯೇ ಉಳಿದಿದೆ. ಕೃತಿಯ ಧರ್ಮೋಪದೇಶಕ್ಕೆ ಈ ಇಂಪು ಬೇಕಿಲ್ಲ. ಒಂದು ಬಗೆಯಲ್ಲಿ ಅದು ತೊಡಕೇ ಆಗಿದೆ. ಆ ತೊಡಕನ್ನು ಅಳಿಸದೆ ಬಿಟ್ಟುದರಲ್ಲಿಯೇ ಕವಿಯ ಪ್ರಾಮಾಣಿಕತೆಯನ್ನು ಕಾಣಬೇಕು.

ಇನ್ನೊಂದೆಡೆ ಹಿಟ್ಟಿನ ಹುಂಜವಿದೆ. ಜೀವಹಿಂಸೆಗೆ ಒಪ್ಪದ ಮಗನಿಂದ ತಾಯಿ ಚಂದ್ರಮತಿಯು ಮಾಡಿಸುವ ಬಲಿ ಅದು. ಕಣ್ಣಿಗೆ ಅದರಲ್ಲಿ ಹೇಸಿಕೆಯೇನೂ ಇಲ್ಲ. ಆದರೆ ಕತ್ತಿ ತಗುಲಿದಾಗ ಆ ಹುಂಜ ಕೂಗುತ್ತದೆ. ಕೊಲ್ಲುವ ಸಂಕಲ್ಪಮಾತ್ರದಿಂದಲೇ ತಾಯಿಮಕ್ಕಳು ಜನ್ಮಜನ್ಮಾಂತರ ತೊಳಲುತ್ತಾರೆ. ಕಾವ್ಯದ ನಿಜವಾದ ಭೀಕರತೆ ಇರುವುದು ಇಲ್ಲಿ. ವಿಕಾರವಾದ ಮೈಯಿಂದ ಇಂಪಾದ ದನಿ ಹೊರಡುತ್ತದೆ. ನಿರುಪದ್ರವಿಯಾಗಿ ತೋರುವ ಬೊಂಬೆಯಿಂದ ಹಿಂಸೆಯ ಕೂಗು ಹೊರಡುತ್ತದೆ. ಇವೆರಡನ್ನೂ ಒಟ್ಟಿಗೆ ನೆನೆದಾಗ, ಹೊರಗಿನ ರೂಪವನ್ನು ನಂಬಿ ತೀರ್ಪು ಕೊಡುವ ನಮ್ಮ ಅಭ್ಯಾಸವನ್ನೇ ಈ ಕಾವ್ಯ ಶಂಕೆಗೆ ಗುರಿಮಾಡುತ್ತಿದೆಯೆಂಬುದು ಸ್ಪಷ್ಟವಾಗುತ್ತದೆ.

ಆದಕಾರಣ ವಸ್ತುವಿನ ಕುರೂಪವನ್ನೂ ಕೃತಿಯ ಕುರೂಪವನ್ನೂ ಬೇರೆಬೇರೆಯಾಗಿ ಕಾಣುವುದು ಅವಶ್ಯ. ಮೊದಲನೆಯದು ಕಲೆಗೆ ಸಾಮಗ್ರಿ. ಎರಡನೆಯದು ಕಲೆಯ ಸೋಲು: ಅನುಭವಕ್ಕೆ ಅಂಟದ ಅಲಂಕಾರ, ಅನುಕೂಲಕ್ಕಾಗಿ ಹೇಳಿದ ಸುಳ್ಳು, ಸಮಗ್ರತೆಗೆ ಹೊಂದದ ಅಂಗ. ಚಂದ್ರೋದಯವನ್ನೋ ವಸಂತವನ್ನೋ ವರ್ಣಿಸುವ ಎಷ್ಟೋ ಪದ್ಯಗಳು ಈ ಎರಡನೆಯ ಅರ್ಥದಲ್ಲಿ ಕುರೂಪವಾಗಿವೆ; ಜನ್ನನ ಮಾವಟಿಗನ ವರ್ಣನೆ ಹಾಗಲ್ಲ. ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದುದರ ತಾತ್ಪರ್ಯವೂ ಇದಕ್ಕೆ ದೂರವಾದುದಲ್ಲ.

ಈ ವಿವೇಕ ಕೇವಲ ಶಾಸ್ತ್ರಚರ್ಚೆಗೆ ಸಂಬಂಧಿಸಿದುದಲ್ಲ. ಅಷ್ಟಾವಕ್ರನ ವರ್ಣನೆಯನ್ನು ಓದಿ ತರಗತಿಯೆಲ್ಲ ನಗುವುದು ಸಹಜ. ಆ ನಗೆಯೊಡನೆ ಪಾಠವೂ ಮುಗಿದರೆ ವಿದ್ಯಾರ್ಥಿಯು ದೂತಿಯ ಮಾತನ್ನು ಮಾತ್ರ ಕೇಳಿದಂತಾಯಿತು. ಅವಳಿಗಿಂತ ಮೊದಲು ರಾಣಿಯ ಕಿವಿಗೆ ಬಿದ್ದ ಹಾಡನ್ನೂ ಅವನಿಗೆ ಕೇಳಿಸುವುದು ಅಧ್ಯಾಪಕನ ಹೊಣೆ.