ದಾಮಾಜಿಯ ಪಾವತಿ

ನಾನು ಹುಟ್ಟಿದ್ದು ಅಫಜಲಪುರದಲ್ಲಿ, ಕೊಟ್ಟದ್ದು ಆಳಂದಕ್ಕೆ, ತಂಗಿ ಇರುವುದು ಜೇವರ್ಗಿಯಲ್ಲಿ. ಈ ಮೂರು ಊರುಗಳ ನಡುವೆ ಬಸ್ಸಿನಲ್ಲಿ ಓಡಾಡುತ್ತಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಇವುಗಳಲ್ಲೊಂದು ಊರಿನಲ್ಲಿ ನಮ್ಮದೊಂದು ಹಳೆಯ ಮನೆ ಇದೆ. ಯಾವ ಊರೆಂದು ಬರೆಯುವುದಿಲ್ಲ, ಅಲ್ಲಿಯ ಕಚೇರಿಯವರು ಮುನಿದಾರು. 2019ರ ಬೇಸಿಗೆಯಲ್ಲಿ ಆ ಮನೆಗೆ ಒಂದು ನೋಟೀಸು ಬಂತು. ಯಜಮಾನರು ತೀರಿಕೊಂಡು ಆಗ ಎಂಟು ತಿಂಗಳು. ಹನ್ನೊಂದು ವರ್ಷದ ಮನೆಪಟ್ಟಿ ಬಾಕಿ, ಅದರ ಮೇಲೆ ತಿಂಗಳಿಗೆ ನೂರಕ್ಕೆ ಎರಡರಂತೆ ದಂಡ, ಎಲ್ಲ ಸೇರಿ 23,460 ರೂಪಾಯಿ. ಕಟ್ಟದಿದ್ದರೆ ಜಪ್ತಿ.

ಜಪ್ತಿ ಎಂಬ ಶಬ್ದ ಓದಿದ ಕೂಡಲೆ ನನ್ನ ಕಣ್ಣ ಮುಂದೆ ಬಂದದ್ದು ಸಿನಿಮಾ. ಅಂಗಳಕ್ಕೆ ಬಿಸಾಕಿದ ಕೊಡ, ಪರಾತ, ಹಾಸಿಗೆಯ ಸುರುಳಿ. ಕೊರಳ ತಾಳಿಗೆ ಕೈ ಹಾಕುವ ಮೀಸೆಯ ಗುಮಾಸ್ತ. ಹೊಸ್ತಿಲಿಗೆ ತಲೆ ಬಡಿದುಕೊಂಡು ಅಳುವ ಹೆಂಗಸು. ಐವತ್ತು ವರ್ಷ ಕಥೆ ಓದಿದೆ, ನಾಟಕ ನೋಡಿದೆ, ಕೀರ್ತನೆ ಕೇಳಿದೆ. ಬೇಕಾದ ಹೊತ್ತಿಗೆ ಅವು ನನ್ನ ಕೈಗೆ ಕೊಟ್ಟದ್ದು ಇದೊಂದು ಅಳುವ ಹೆಂಗಸನ್ನೇ ಏನು ಎಂದು ಸಿಟ್ಟು ಬಂತು. ಆ ಸಿಟ್ಟಿನಲ್ಲೇ ನಾನು ಆ ಕಥೆಗಳನ್ನು ಒಂದೊಂದಾಗಿ ತೆಗೆದು ನೋಡಿದೆ.

ಮೊದಲು ಚೆನ್ನಮ್ಮ. ಶಾಲೆಯ ಗ್ಯಾದರಿಂಗಿನಲ್ಲಿ ಕಟ್ಟಿಗೆಯ ಕತ್ತಿ ಹಿಡಿದು ಕಪ್ಪದ ಮಾತು ಹೇಳದ ಹುಡುಗಿ ನಮ್ಮ ಕಡೆ ಅಪರೂಪ. ನಾನೂ ಹೇಳಿ ಒಂದು ಸ್ಟೀಲಿನ ಡಬ್ಬಿ ಬಹುಮಾನ ಗೆದ್ದವಳೇ. ಆ ಮಾತನ್ನು ಮನೆಮನೆಗೆ ಮುಟ್ಟಿಸಿದ್ದು 1961ರ ಬಿ.ಆರ್. ಪಂತುಲು ಅವರ ಚಿತ್ರ, ಬಿ. ಸರೋಜಾದೇವಿಯವರ ಗುಡುಗು. ಈಗಲೂ ಕೇಳಿದರೆ ಮೈ ಝುಂ ಎನ್ನುತ್ತದೆ, ಸುಳ್ಳು ಹೇಳಲಾರೆ. ಆದರೆ 1824ರ ಕಿತ್ತೂರಿನ ಜಗಳದ ಮೂಲ ದತ್ತಕದ್ದು. ಅರಸ ಮಕ್ಕಳಿಲ್ಲದೆ ತೀರಿದ, ದತ್ತು ಹುಡುಗನನ್ನು ಕಂಪನಿಯವರು ಒಪ್ಪಲಿಲ್ಲ, ಧಾರವಾಡದ ಕಲೆಕ್ಟರ್ ಥ್ಯಾಕರೆ ಖಜಾನೆಗೆ ಮೊಹರು ಹಾಕಿಸಿದ. ಅಂದರೆ ವಿಧವೆಯೊಬ್ಬಳು ಮನೆತನದ ಆಸ್ತಿ ಯಾರ ಹೆಸರಿಗೆ ಎಂದು ಹೂಡಿದ ಜಗಳ! ಬಾಕಿ ತೀರುವವರೆಗೆ ಖಾತೆ ನಿಮ್ಮ ಹೆಸರಿಗೆ ಆಗುವುದಿಲ್ಲ ಎಂದು ಕೌಂಟರಿನಲ್ಲಿ ಹೇಳಿಸಿಕೊಂಡ ಮೇಲೆ ಅದು ನನಗೆ ಎಷ್ಟು ಹತ್ತಿರದ್ದು ಎಂದು ತಿಳಿಯಿತು. ನಮ್ಮೆಲ್ಲರ ನೆನಪಿನಲ್ಲಿ ಉಳಿದದ್ದು ಮಾತ್ರ ಕಪ್ಪ. ಕೊಡುವುದಿಲ್ಲ ಎನ್ನಲು ಕಲಿತೆವು, ಹೆಸರು ಬರೆಸುವುದನ್ನು ಕಲಿಯಲಿಲ್ಲ. 2001ರ ‘ಲಗಾನ್’ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕ್ರಿಕೆಟ್ಟು ಗೆದ್ದು ಮೂರು ವರ್ಷದ ತೆರಿಗೆ ಮಾಫಿ ಮಾಡಿಸಿಕೊಳ್ಳುವ ಊರು ನಮ್ಮ ಸೀಮೆಯಲ್ಲಿಲ್ಲ.

ಇನ್ನು ಆ ತಾಳಿಯ ದೃಶ್ಯ. ತಂಗಿಯ ಮಗಳು ಕಾನೂನು ಓದಿದವಳು. ಅವಳು ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು: 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನ ಪ್ರಕಾರ ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ ಹೊದಿಕೆ, ಧರ್ಮದ ರೂಢಿಯಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆ, ಇವುಗಳನ್ನು ಜಪ್ತಿ ಮಾಡುವಂತಿಲ್ಲ. ರೈತನ ಒಕ್ಕಲುತನದ ಸಾಮಾನು, ಕಸಬುದಾರನ ಉಪಕರಣಗಳೂ ಅಷ್ಟೇ. ಕರ್ನಾಟಕದ 1964ರ ಭೂಕಂದಾಯದ ಕಾನೂನೂ ಈ ವಿನಾಯಿತಿಯನ್ನು ಒಪ್ಪಿಕೊಂಡಿದೆ. ನೂರು ವರ್ಷಕ್ಕೂ ಹಿಂದಿನ ಕಾನೂನು ಇದು. ನಮ್ಮ ಕಥೆಗಾರರು ಮತ್ತೆ ಮತ್ತೆ ತೋರಿಸಿದ್ದು ಮಾತ್ರ ಅದೇ ಪಾತ್ರೆ, ಅದೇ ತಾಳಿ. ಹಾಗೆ ನಡೆದೇ ಇಲ್ಲ ಎನ್ನುವುದಿಲ್ಲ, ನಡೆದಿದೆ. ಆದರೆ ಇದು ತಪ್ಪು, ಇದನ್ನು ತಡೆಯಬಹುದು ಎಂದು ಹೇಳುವ ಒಂದು ಪಾತ್ರವಾದರೂ ಆ ದೃಶ್ಯದಲ್ಲಿ ಬೇಡವೇ? ಪ್ರೇಕ್ಷಕರು ಅತ್ತರೆ ಸಾಕು ಎಂದುಕೊಂಡವರು ಬರೆದದ್ದು ಅದು. ಮನೆ ಮಾತ್ರ ಆ ಪಟ್ಟಿಯಲ್ಲಿ ಸುಲಭವಾಗಿ ಸೇರುವುದಿಲ್ಲ, ನನ್ನ ಭಯ ಇದ್ದದ್ದೂ ಅದಕ್ಕೇ.

ನಮ್ಮಲ್ಲಿ ಬಾಕಿಯ ದೊಡ್ಡ ಕಥೆ ಇಲ್ಲವೆಂದಲ್ಲ. ಮಲಪ್ರಭೆಯ ನೀರು ಸರಿಯಾಗಿ ಬಾರದ ಹೊಲಗಳಿಗೂ ನೀರಿನ ಕರ, ಅಭಿವೃದ್ಧಿ ಕರ ಹಾಕಿ, ಬಾಕಿಯ ವಸೂಲಿಗೆ ಅಧಿಕಾರಿಗಳು ಬೆನ್ನು ಬಿದ್ದಾಗ 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಸಿಡಿದೆದ್ದರು. ಗೋಲೀಬಾರಿನಲ್ಲಿ ವೀರಪ್ಪ ಕಡ್ಲಿಕೊಪ್ಪ, ಬಸಪ್ಪ ಲಕ್ಕುಂದಿ ಸತ್ತರು, ಪೊಲೀಸರೂ ಸತ್ತರು. ಆಮೇಲೆ ಎದ್ದ ರೈತ ಸಂಘದವರು ಜಪ್ತಿ ಮಾಡಿದ ಸಾಮಾನನ್ನು ಹೋಗಿ ಮರಳಿ ತಂದು ಮನೆಯವರಿಗೆ ಕೊಟ್ಟರು, ಮರುಜಪ್ತಿ ಎಂದೇ ಅದಕ್ಕೆ ಹೆಸರು. ಒಳ್ಳೆಯ ಶಬ್ದ. ಭಾಷಣಗಳಲ್ಲಿ, ಹಾಡುಗಳಲ್ಲಿ ಆ ದಿನಗಳು ಉಳಿದಿವೆ. ಆದರೆ ವಸೂಲಿಯವನು ಬಂದಾಗ ಗಂಡಸು ಹೊಲದಲ್ಲೋ ಸಂತೆಯಲ್ಲೋ ಇರುತ್ತಾನೆ, ಬಾಗಿಲು ತೆಗೆಯುವವಳು ಹೆಂಗಸು. ಅವಳು ಏನು ಹೇಳಿ ಕಳಿಸಿದಳು ಎಂಬುದು ನಾನು ಓದಿದ ಯಾವ ಕಥೆಯಲ್ಲೂ ಇಲ್ಲ.

ಬಾಗಿಲು ತೆಗೆದ ಹೆಂಗಸರು ಒಂದು ಕಡೆ ಸಿಕ್ಕರು. 1932ರ ಸಿದ್ದಾಪುರ ಸೀಮೆಯ ಕರನಿರಾಕರಣೆಯಲ್ಲಿ, ಸರಕಾರ ಹರಾಜು ಹಾಕಿದ ಆಸ್ತಿಯನ್ನು ಕೊಂಡವರ ಮನೆಯ ಮುಂದೆ ಹೆಂಗಸರು ಉಪವಾಸ ಕೂತರು. ಮಾವಿನಗುಂಡಿಯಲ್ಲಿ ಅವರ ಸ್ಮಾರಕವಿದೆ. ನೋಡಿ, ಸರಕಾರದ ಮುಂದೆ ಕೂರಲಿಲ್ಲ ಅವರು. ನೆರೆಯವನ ಅಂಗಳದಲ್ಲಿ ಕೂತರು, ಅವನ ಮಕ್ಕಳು ಉಣ್ಣುವ ಹೊತ್ತಿಗೆ ತಾವು ಉಣ್ಣದೆ ಕೂತರು. ಇದಕ್ಕಿಂತ ಒಳ್ಳೆಯ ನಾಟಕ ಬೇಕೇ? ಜೋಗಕ್ಕೆ ಹೋಗುವ ದಾರಿಯಲ್ಲೇ ಆ ಊರು. ನಾನು ಎರಡು ಸಲ ಜೋಗಕ್ಕೆ ಹೋಗಿ ಬಂದೆ, ಎರಡು ಸಲವೂ ಬಸ್ಸಿನಲ್ಲಿ ನಿದ್ದೆ ಹೊಡೆದೆ.

ಸಿದ್ದಾಪುರ ನನ್ನ ಸೀಮೆಯಲ್ಲ. ನಮ್ಮದು ನಿಜಾಮನ ರಾಜ್ಯವಾಗಿತ್ತು. ನನ್ನ ಅಜ್ಜಿಯ ಬಾಯಲ್ಲಿ ಕಪ್ಪ ಎಂಬ ಶಬ್ದವೇ ಇರಲಿಲ್ಲ, ಅವಳದು ಲೇವಿ ಮತ್ತು ಕರೋಡಗಿರಿ. ಲೇವಿಯವರು ಬರುತ್ತಾರೆಂದು ಜೋಳವನ್ನು ಹಗೇವಿಗೆ ಸುರಿದು ಮೇಲೆ ಸೆಗಣಿ ಸಾರಿಸಿ, ಅದರ ಮೇಲೆ ಕೂಸಿನ ತೊಟ್ಟಿಲು ಕಟ್ಟಿದ್ದನ್ನು ಹೇಳಿ ನಗುತ್ತಿದ್ದಳು. 1947-48ರಲ್ಲಿ ಸೊಲ್ಲಾಪುರದ ಗಡಿಯ ಶಿಬಿರಗಳಿಂದ ಬಂದು ಕರೋಡಗಿರಿ ನಾಕಾಗಳ ಮೇಲೆ ಬಿದ್ದವರ ಬಗ್ಗೆ ಪುಸ್ತಕಗಳಿವೆ. ತೊಟ್ಟಿಲಿನ ಬಗ್ಗೆ ಇಲ್ಲ.

ಕಡೆಗೆ ನಮ್ಮತ್ತೆಯವರ ದಾಮಾಜಿ. ಅವರು ಆಳಂದದಿಂದ ಪಂಢರಪುರಕ್ಕೆ ದಿಂಡಿಯಲ್ಲಿ ಹೋಗುತ್ತಿದ್ದವರು, ಈ ಕಥೆ ನೂರು ಸಲ ಹೇಳಿರಬೇಕು. ಬೀದರಿನ ಬಹಮನಿ ಸುಲ್ತಾನನ ಕೈಕೆಳಗೆ ಮಂಗಳವೇಢೆಯಲ್ಲಿದ್ದ ಅಧಿಕಾರಿ ದಾಮಾಜಿಪಂತ ಬರಗಾಲದಲ್ಲಿ ಸರಕಾರದ ಕಣಜ ತೆಗೆದು ಹಸಿದವರಿಗೆ ಹಂಚಿದ. ಸುಲ್ತಾನ ಹಿಡಿತರಿಸಿದ. ಅಷ್ಟರಲ್ಲಿ ವಿಠ್ಠಲ ಮಹಾರನ ವೇಷದಲ್ಲಿ ಬೀದರಿಗೆ ಹೋಗಿ, ಧಾನ್ಯದ ಬೆಲೆಯನ್ನೆಲ್ಲ ಹೊನ್ನಿನಲ್ಲಿ ಎಣಿಸಿ ಕೊಟ್ಟು, ಪಾವತಿ ಬರೆಸಿಕೊಂಡು, ಅದನ್ನು ದಾಮಾಜಿ ಓದುವ ಗೀತೆಯ ಹಾಳೆಯೊಳಗೆ ಇಟ್ಟ. ಈ ಕಥೆಯಲ್ಲೂ ದಾಮಾಜಿಯ ಹೆಂಡತಿ ಏನು ಮಾಡುತ್ತಿದ್ದಳೆಂದು ನಮ್ಮ ಕೀರ್ತನಕಾರರು ಹೇಳಿದ್ದು ನೆನಪಿಲ್ಲ. ಊರ ವಸೂಲಿಯ ಹಣವನ್ನು ಖಜಾನೆಗೆ ಹೊತ್ತು ಮುಟ್ಟಿಸುವುದು ಆ ಕಾಲದ ಮಹಾರರ ಪಾಲಿನ ಚಾಕರಿಯೇ ಆಗಿತ್ತು, ದೇವರು ಆ ವೇಷ ಹಾಕಿದಾಗ ಮಾತ್ರ ಎಲ್ಲರೂ ಕೈ ಮುಗಿದರು, ಇದೂ ಸರಿಯಲ್ಲ. ಆದರೂ ಇಲ್ಲಿ ಹೇಳಿದ ಎಲ್ಲ ಕಥೆಗಳಲ್ಲಿ ನನಗೆ ಇದೇ ಹೆಚ್ಚು ನಿಜವೆನಿಸಿತು. ಕಾರಣ ಒಂದೇ: ದೇವರಾದರೂ ಸರಕಾರಕ್ಕೆ ರೊಕ್ಕ ಕಟ್ಟಿ ಬರಿಗೈಯಲ್ಲಿ ಬರಲಿಲ್ಲ.

ಯಜಮಾನರು ನಡುನಡುವೆ ಕಟ್ಟಿದ್ದೇನೆ ಎನ್ನುತ್ತಿದ್ದರು. ಟ್ರಂಕಿನ ತಳದಲ್ಲಿ, ಹಳೆಯ ಲಗ್ನಪತ್ರಿಕೆಗಳ ನಡುವೆ, ಮೂರು ವರ್ಷದ ಪಾವತಿ ಸಿಕ್ಕವು. ಒಂದರ ಶಾಯಿ ಅಳಿಸಿಹೋಗಿತ್ತು, ಅದು ನಡೆಯಲಿಲ್ಲ. ಎರಡನ್ನು ಹಿಡಿದುಕೊಂಡು ತಂಗಿಯ ಜೊತೆ ಹೋದೆ. ಗುಮಾಸ್ತ ಹಳೆಯ ಲೆಡ್ಜರು ತೆಗೆಸಿ, ಬಹಳ ಹೊತ್ತು ಹುಡುಕಿ, ಆ ಎರಡು ವರ್ಷಗಳನ್ನೂ ಅವುಗಳ ದಂಡವನ್ನೂ ಹೊಡೆದು ಹಾಕಿದ. ಉಳಿದದ್ದಕ್ಕೆ ನನ್ನ ಎರಡು ಬಳೆ ಅಡವಿಗೆ ಹೋದವು. ರೊಕ್ಕ ಎಣಿಸಿಕೊಂಡು ಅವನು ಕಂಪ್ಯೂಟರಿನಲ್ಲಿ ಏನೋ ಒತ್ತಿದ.

“ಆತ್ರಿ ಅಕ್ಕೋರೆ, ಹೋಗ್ರಿ.”

“ಪಾವತಿ ಕೊಡ್ರಿ.”

“ಕಂಪ್ಯೂಟರಿನಾಗ ಅದರಿ, ಕಾಗದ ಯಾಕ್ರಿ?”

“ಇರಲಿ, ಕೊಡ್ರಿ.”

ಪ್ರಿಂಟರಿನ ಶಾಯಿ ಮುಗಿದಿತ್ತು. ತರಲು ಹುಡುಗನನ್ನು ಕಳಿಸಿದರು. ಜೇವರ್ಗಿಯ ಬಸ್ಸು ತಪ್ಪುತ್ತದೆಂದು ತಂಗಿ ಗಡಿಬಿಡಿ ಮಾಡಿದಳು. ಅವಳನ್ನು ಕಳಿಸಿ, ನಾನು ಅಲ್ಲೇ ಬೆಂಚಿನ ಮೇಲೆ ಕೂತೆ.